ಹಾರ್ಲನ್ ಅವರನ್ನು ನಾವು ಕುರ್ಚಿಯಿಂದ ಇಳಿಸಿದ್ದು

ಎದುರಿಗೆ ನಿಂತವರಿಗೆ ‘ಆಗುವುದಿಲ್ಲ’ ಎನ್ನುವ ವಿದ್ಯೆ ನನಗೆ ಒಲಿದಿಲ್ಲ. ಅಂಗಡಿಯಲ್ಲಿ ರುಚಿ ನೋಡಲು ಕೊಟ್ಟ ಒಂದು ಚೂರು ಚೀಸ್ ತಿಂದ ದಾಕ್ಷಿಣ್ಯಕ್ಕೆ ಇಡೀ ಗಡ್ಡೆಯನ್ನೇ ಕೊಂಡು ತಂದು, ಮನೆಯಲ್ಲಿ ಯಾರೂ ಮುಟ್ಟದೆ ಅದು ಫ್ರಿಜ್ಜಿನಲ್ಲಿ ಬೂಷ್ಟು ಹಿಡಿದದ್ದುಂಟು. ಇಂಥವಳು ಚುನಾಯಿತ ಪ್ರತಿನಿಧಿಯೊಬ್ಬರನ್ನು ಕೆಳಗಿಳಿಸುವ ಚಳವಳಿ ಸೇರಿ ಮನೆಮನೆ ಅಲೆದೆ ಎಂದರೆ ಮೈಸೂರಿನಲ್ಲಿರುವ ನನ್ನ ತಂಗಿ ಇವತ್ತಿಗೂ ನಂಬುವುದಿಲ್ಲ. ‘ನೀನಾ? ಸುಮ್ನಿರೇ ಸುಧಾ!’ ಎನ್ನುತ್ತಾಳೆ.

ಅಟ್ಲಾಂಟಾದ ಉತ್ತರಕ್ಕಿರುವ ಸಣ್ಣ ಊರು ನಮ್ಮದು. ಹೇಳಿಕೊಳ್ಳುವಂಥದ್ದೇನೂ ಇಲ್ಲ, ದೊಡ್ಡ ದೊಡ್ಡ ಓಕ್ ಮರಗಳ ಒಂದು ಪಾರ್ಕು ಬಿಟ್ಟರೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ, ಮಡಿಯಲ್ಲಿದ್ದವರಂತೆ ದೂರದೂರ ಕೂತು, ಕೂಗಿ ಕೂಗಿ ಮಾತಾಡುತ್ತಿದ್ದುದು ಅಲ್ಲಿಯೇ. ವರ್ಷಾನುಗಟ್ಟಲೆ ಬರೀ ಕೈ ಬೀಸುತ್ತಿದ್ದ ಪಕ್ಕದ ಮನೆಯ ಬ್ರೆಂಡಾ ನಿವೃತ್ತ ಚರಿತ್ರೆ ಟೀಚರೆಂದು ತಿಳಿದದ್ದೂ ಅಲ್ಲಿಯೇ. ಆ ಪಾರ್ಕನ್ನು ಗೋದಾಮು ಕಟ್ಟುವವರಿಗೆ ಮಾರಲು ನಗರಸಭೆ ಒಂದು ದಿನ ತೀರ್ಮಾನಿಸಿಬಿಟ್ಟಿತು. ಜನರಿಗೆ ಸುದ್ದಿ ಕೊಡದೆ, ಬಾಗಿಲು ಹಾಕಿಕೊಂಡು ನಡೆಸಿದ ಸಭೆ. ಅದನ್ನು ಮುಂದೆ ನಿಂತು ಮಾಡಿಸಿದವರು ನಮ್ಮ ವಾರ್ಡಿನ ಸದಸ್ಯ ಮಿಸ್ಟರ್ ಹಾರ್ಲನ್.

‘ಕದ್ದು ಸಭೆ ಮಾಡೋದು ಕಾನೂನಿಗೆ ವಿರುದ್ಧ. ರೀಕಾಲ್ ಮಾಡೋಣ,’ ಎಂದರು ಬ್ರೆಂಡಾ. ವಾರ್ಡಿನ ಮತದಾರರು ಸಾಕಷ್ಟು ಮಂದಿ ಸಹಿ ಹಾಕಿದರೆ, ಈ ಮನುಷ್ಯನನ್ನು ಇಳಿಸಬೇಕೋ ಬೇಡವೋ ಎಂದು ಮತ್ತೆ ಓಟು ಹಾಕಿಸುತ್ತಾರಂತೆ. ‘ನೀನೀಗ ಸಿಟಿಜನ್ ಆಗಿದೀಯಲ್ಲ, ಡಿಯರ್? ಶನಿವಾರ ಫ್ರೀ ಇದೀಯಾ?’ ಎಂದು ಕೇಳಿದರು. ನಾನು ಫ್ರೀ ಇರಲಿಲ್ಲ. ‘ಓ ಷೂರ್!’ ಎಂದೆ.

ಆಗ ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿದ್ದ ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಅವರಿಗೆ ಸರಿಬರಲಿಲ್ಲ. ‘ಓಟು ಹಾಕಿದ್ಮೇಲೆ ಮುಗೀತು ಕಣೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ಕೊಟ್ಟ ಓಟನ್ನ ವಾಪಸ್ ಇಸ್ಕೊಳ್ಳೋದುಂಟೇ?’ ಎಂದರು. ಅವರದೂ ತಪ್ಪಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಯ ಕೌನ್ಸಿಲರು ಗೆದ್ದ ಮೇಲೆ ಕಾಣಿಸುತ್ತಿದ್ದುದು ಮದುವೆಮನೆಗಳ ಮೊದಲ ಪಂಕ್ತಿಯಲ್ಲಿ ಮಾತ್ರ. ನಲ್ಲಿ ಒಣಗಿ ಹೆಂಗಸರೆಲ್ಲ ಕೊಡಪಾನ ಹಿಡಿದು ಅವರ ಮನೆಯ ಮುಂದೆ ನಿಂತರೆ, ಹೆಂಡತಿ ಹೊರಗೆ ಬಂದು ‘ಯಜಮಾನರು ಸ್ನಾನಕ್ಕೆ ಹೋಗಿದಾರೆ’ ಎನ್ನುತ್ತಿದ್ದರು. ‘ಸ್ನಾನಕ್ಕೆ ಅವರಿಗೆ ಮಾತ್ರ ನೀರು ಎಲ್ಲಿಂದ ಬಂತಮ್ಮಾ?’ ಎಂದು ನಮ್ಮಜ್ಜಿ ಗಟ್ಟಿಯಾಗಿ ಕೇಳಿದ್ದು ಬೀದಿಯಲ್ಲಿ ಬಹಳ ವರ್ಷ ಓಡಾಡಿತು. ಆದರೆ ಅವರನ್ನು ಇಳಿಸಬಹುದೆಂದು ಅಜ್ಜಿಗೂ ಹೊಳೆದಿರಲಿಲ್ಲ. ಐದು ವರ್ಷವೂ ನೀರು ಹೊತ್ತೆವು.

ಮೊದಲ ಶನಿವಾರ ಒಬ್ಬಳೇ ಹೋದೆ. ಬಾಗಿಲು ತೆರೆದವರಿಗೆ ‘ತೊಂದರೆ ಕೊಟ್ಟಿದ್ದಕ್ಕೆ ಸಾರಿ’ ಎನ್ನುವುದು, ಅವರು ‘ಪರವಾಗಿಲ್ಲ’ ಎಂದ ಕೂಡಲೇ ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿಯುವುದು. ಸಹಿಯ ವಿಷಯ ನೆನಪಾಗುತ್ತಿದ್ದುದು ಕಾರು ಹತ್ತಿದ ಮೇಲೆ. ಮರುವಾರ ಅತ್ತೆ, ‘ಮನೇಲಿ ಕೂತು ಕೂತು ಕಾಲು ಹಿಡ್ಕೊಂಡಿದೆ, ನಾನೂ ಬರ್ತೀನಿ’ ಎಂದು ಹೊರಟರು. ಕೈಮಗ್ಗದ ಸೀರೆ, ಬಿಳಿ ಸ್ನೀಕರ್ಸ್, ತಲೆಗೆ ನನ್ನ ಗಂಡನ ಬೇಸ್‌ಬಾಲ್ ಟೋಪಿ. ಈ ಅವತಾರ ಕಂಡು ತೆರೆಯದ ಬಾಗಿಲೇ ಇರಲಿಲ್ಲ. ಅತ್ತೆಯೋ ಹೊಸ್ತಿಲಲ್ಲಿ ನಿಂತು ಮಾತಾಡುವವರಲ್ಲ. ಒಳಗೆ ಹೋಗಿ ಕೂತೇಬಿಡುವವರು. ಗುಂಟೂರಿನವರ ಮನೆಯಲ್ಲಿ ಆ ಹೆಂಗಸು ತೆಲುಗಿನಲ್ಲಿ, ಅತ್ತೆ ಕನ್ನಡದಲ್ಲಿ ಮಾವಿನಕಾಯಿಯ ಬಗ್ಗೆ ಮಧ್ಯಾಹ್ನವಿಡೀ ಮಾತಾಡಿದರು. ಹೊರಡುವಾಗ ಸಹಿಯ ಜೊತೆ ಒಂದು ಬಾಟಲಿ ಉಪ್ಪಿನಕಾಯಿಯೂ ಸಿಕ್ಕಿತು.

ಹೀಗೇ ಒಂದು ಶನಿವಾರ ನಾನು ಕಾರು ನಿಲ್ಲಿಸಿ ತಿರುಗುವಷ್ಟರಲ್ಲಿ ಅತ್ತೆ ಯಾರದೋ ಅಂಗಳಕ್ಕೆ ನುಗ್ಗಿ ಹೂ ಬಿಡಿಸುತ್ತಿದ್ದರು. ಘಮ್ಮೆನ್ನುವ ಬಿಳಿ ಗಾರ್ಡೇನಿಯ.

‘ಅತ್ತೆ, ಬೇರೆಯವರ ಗಿಡ! ಇಲ್ಲಿ ಪೊಲೀಸ್ ಕರೀತಾರೆ!’

‘ನಂಗಲ್ಲ ಕಣೇ, ದೇವರಿಗೆ,’ ಎಂದು ಸೆರಗಿನಲ್ಲಿ ಮುಚ್ಚಿಕೊಂಡರು.

ಬಾಗಿಲು ತೆರೆಯಿತು. ಎತ್ತರದ, ಬೋಳು ತಲೆಯ ಮುದುಕರೊಬ್ಬರು ನಿಂತಿದ್ದರು. ‘ಇರಿ, ಕತ್ತರಿ ತರ್ತೀನಿ,’ ಎಂದರು. ಹೂ ಕತ್ತರಿಸಿಕೊಟ್ಟು ಒಳಗೂ ಕರೆದರು. ಅವರ ಹೆಂಡತಿ ಐಸ್ ಹಾಕಿದ ಸಿಹಿ ಟೀ ತಂದಿಟ್ಟರು. ಒಂದು ಗುಟುಕು ಕುಡಿದು ತಲೆಯೆತ್ತಿದರೆ ಗೋಡೆಯ ಮೇಲೆ ಹಾರ್ಲನ್ ಅವರದೇ ಚುನಾವಣೆಯ ಪೋಸ್ಟರು, ಊರೆಲ್ಲ ನೋಡಿದ್ದೇ. ಅದರಲ್ಲಿದ್ದ ಯುವಕನಿಗೆ ದಟ್ಟ ಕೂದಲಿದ್ದುದರಿಂದ ನನಗೆ ಗುರುತು ಸಿಕ್ಕಿರಲಿಲ್ಲ ಅಷ್ಟೆ. ಸಹಿಯ ಹಾಳೆಗಳಿದ್ದ ಕ್ಲಿಪ್‌ಬೋರ್ಡನ್ನು ಮೆಲ್ಲಗೆ ಸೋಫಾದ ಮೇಲಿಟ್ಟು ಅದರ ಮೇಲೆ ಕೂತೆ.

‘ಅದನ್ನ ತೆಗೆದು ಕೂತ್ಕೊಳ್ಳಿ, ಒತ್ತುತ್ತೆ,’ ಎಂದರು ಹಾರ್ಲನ್.

‘ಯಾರೇ ಇವರು?’ ಎಂದು ಅತ್ತೆ ಕೇಳಿದರು.

‘ಇವರೇ ಅತ್ತೆ. ನಾವು ಇಳಿಸ್ತಿರೋರು.’

ಅತ್ತೆ ಲೋಟ ಕೆಳಗಿಟ್ಟು ಅವರ ಕಡೆ ತಿರುಗಿದರು. ‘ಏನಪ್ಪಾ, ನೋಡೋಕೆ ಒಳ್ಳೆಯವನ ಥರ ಇದೀಯ. ಊರವರ ಪಾರ್ಕನ್ನ ಬಾಗಿಲು ಹಾಕ್ಕೊಂಡು ಮಾರ್ತಾರೇನಪ್ಪಾ? ಮನೇಲಿ ಹಳೇ ಪೇಪರ್ ಮಾರೋವಾಗ್ಲೂ ಹೆಂಡತೀನ ಒಂದು ಮಾತು ಕೇಳ್ತಾರೆ!’

‘ಏನಂದ್ರು?’ ಎಂದು ಹಾರ್ಲನ್ ನನ್ನನ್ನು ಕೇಳಿದರು.

‘ನಿಮ್ಮ ಮನೆ ತುಂಬಾ ಚೆನ್ನಾಗಿದೆಯಂತೆ.’

ಅವರು ಅತ್ತೆಯ ಮುಖವನ್ನೇ ನೋಡಿದರು. ‘ನಮ್ಮಮ್ಮ ಇದೇ ದನಿಯಲ್ಲಿ ಮಾತಾಡ್ತಿದ್ದಳು. ಆದ್ರೆ ಅವಳು ಆಗ ಹೇಳ್ತಿದ್ದದ್ದು ಮನೆ ಚೆನ್ನಾಗಿದೆ ಅಂತ ಅಲ್ಲ. ಸರಿಯಾಗಿ ಹೇಳಿ.’

ಬೇರೆ ದಾರಿಯಿಲ್ಲದೆ, ಹಳೇ ಪೇಪರನ್ನೂ ಬಿಡದೆ, ಎಲ್ಲವನ್ನೂ ಹೇಳಿದೆ. ಅವರ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಹಾರ್ಲನ್ ಮಾತ್ರ ನಗಲಿಲ್ಲ. ‘ಊರಿಗೆ ಆದಾಯ ಬರ್ಲಿ ಅಂತ ಮಾಡಿದೆ. ಕೇಳಿದ್ರೆ ನೀವೆಲ್ಲ ಬೇಡ ಅಂತಿದ್ರಿ. ಅದಕ್ಕೇ ಕೇಳಲಿಲ್ಲ,’ ಎಂದರು. ಅದನ್ನು ಅತ್ತೆಗೆ ಹೇಳಿದೆ. ‘ಅದೇ ತಪ್ಪು ಅಂತ ತಾನೆ ನಾನೂ ಅಂದಿದ್ದು,’ ಎಂದರು ಅತ್ತೆ. ಕೊನೆಗೆ ಹಾರ್ಲನ್ ಎದ್ದು ಕೈ ಕುಲುಕಿ, ‘ನಿಮ್ಮ ಕೆಲಸ ನೀವು ಮಾಡಿ. ಹೂ ಮಾತ್ರ ದಿನಾ ಬಂದು ತಗೊಂಡ್ಹೋಗಿ,’ ಎಂದರು.

ಅತ್ತೆ ಎರಡನ್ನೂ ಮಾಡಿದರು. ಬೆಳಿಗ್ಗೆ ನಡೆದುಹೋಗಿ ಅವರ ಅಂಗಳದಿಂದ ಹೂ ತರುವುದು, ವಾರಾಂತ್ಯದ ಮಧ್ಯಾಹ್ನ ಅವರ ವಿರುದ್ಧ ಸಹಿ ಹಾಕಿಸುವುದು. ಆ ಬೇಸಿಗೆಯಿಡೀ ನಮ್ಮ ದೇವರ ಮನೆ ಹಾರ್ಲನ್ನರ ಹೂವಿನಿಂದ ಘಮಘಮಿಸಿತು. ಸಹಿಗಳೂ ಸಾಕಷ್ಟು ಬಂದವು. ವೀಸಾದ ಅವಧಿ ಮುಗಿದು ಅತ್ತೆ ಮೈಸೂರಿಗೆ ಹೊರಟರು. ಎಲೆ ಉದುರುವ ಕಾಲಕ್ಕೆ ಮತದಾನ ನಡೆಯಿತು. ಅಮೆರಿಕದಲ್ಲಿ ನಾನು ಹಾಕಿದ ಮೊಟ್ಟಮೊದಲ ಓಟು ಅದು, ಒಬ್ಬರನ್ನು ಮನೆಗೆ ಕಳಿಸುವ ಓಟು. ಹಾರ್ಲನ್ ಸೋತರು. ಅವರ ಜಾಗಕ್ಕೆ ಬೇರೆಯವರು ಬಂದ ಮೇಲೆ ಪಾರ್ಕಿನ ಮಾರಾಟ ರದ್ದಾಯಿತು. ಬ್ರೆಂಡಾ ಓಕ್ ಮರದ ಕೆಳಗೆ ನನ್ನನ್ನು ತಬ್ಬಿಕೊಂಡು ಅತ್ತರು. ಅತ್ತೆಯೂ ಅಲ್ಲಿರಬೇಕಿತ್ತು ಅನ್ನಿಸಿತು ನನಗೆ.

ಅತ್ತೆಗೆ ಈಗ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರರು. ಆ ಬೀದಿಗಳಲ್ಲಿ ಡ್ರೈವ್ ಮಾಡುವಾಗ ಅವರೇ ಪಕ್ಕದಲ್ಲಿ ಕೂತಂತಿರುತ್ತದೆ. ಇದು ಉಪ್ಪಿನಕಾಯಿ ಮನೆ, ಇದು ನಾಯಿ ಅಟ್ಟಿಸಿಕೊಂಡು ಬಂದ ಮನೆ, ಇದು ಅಜ್ಜನೊಬ್ಬ ಸಹಿ ಹಾಕದೆ ಹಾಡು ಹೇಳಿ ಕಳಿಸಿದ ಮನೆ. ಅದಕ್ಕೆ ಮೊದಲು ಎಷ್ಟೋ ವರ್ಷ ಇದೇ ಊರಿನಲ್ಲಿದ್ದರೂ ನಾನು ನೋಡಿದ್ದುದು ಗ್ಯಾರೇಜುಗಳ ಬಾಗಿಲನ್ನು ಮಾತ್ರ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯ ಕರೆಗಂಟೆ ಬಾರಿಸಿತು. ನೋಡಿದರೆ ಬುಟ್ಟಿ ತುಂಬ ಟೊಮೇಟೊ ಹಿಡಿದ ಹಾರ್ಲನ್! ‘ನೀವೆಲ್ಲ ಸೇರಿ ಪುರುಸೊತ್ತು ಮಾಡಿಕೊಟ್ರಲ್ಲ, ತೋಟ ಮಾಡ್ತಿದೀನಿ. ನಿಮ್ಮತ್ತೆ ಹೇಗಿದಾರೆ?’ ಎಂದರು. ನಾಚಿಕೆಯಿಂದ ಭೂಮಿಗಿಳಿದುಹೋದ ನಾನು ಮಾತು ತಪ್ಪಿಸಲು ಮೈಸೂರಿಗೆ ವಿಡಿಯೋ ಕಾಲ್ ಮಾಡಿಕೊಟ್ಟೆ. ಇಬ್ಬರೂ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದ ಭಾಷೆಯಲ್ಲಿ ಬಹಳ ಸಂತೋಷದಿಂದ ಮಾತಾಡಿದರು.

ಅವರು ಹೋದ ಮೇಲೆ ಫೋನಿನ ಪರದೆಯಲ್ಲಿದ್ದ ಅತ್ತೆ, ‘ಎಷ್ಟು ಸೊರಗಿದಾನೆ, ಪಾಪ! ಬಂಗಾರದಂಥ ಮನುಷ್ಯ. ಅಲ್ವೇ ಸುಧಾ, ಅಂಥವನನ್ನ ಯಾಕೇ ಇಳಿಸಿದೆ?’ ಎಂದರು.

‘ಅತ್ತೆ! ಮನೆಮನೆಗೂ ಹೋಗಿ ಸಹಿ ಹಾಕಿಸಿದ್ದು ನೀವಲ್ವಾ?’

‘ನಂಗೇನು ಇಂಗ್ಲಿಷ್ ಬರುತ್ತೇನೇ? ಮಾತಾಡಿದ್ದೆಲ್ಲ ನೀನು ತಾನೆ,’ ಎಂದರು ಅತ್ತೆ.

ಒಳಗಿನ ಕೋಣೆಯಿಂದ ನನ್ನ ಗಂಡ ‘ಹೌದಮ್ಮಾ, ಇವಳೇ!’ ಎಂದು ಕೂಗಿ ಹೇಳಿದರು. ನಾನೂ ‘ಹೌದು ಅತ್ತೆ’ ಎಂದು ಒಪ್ಪಿಕೊಂಡು, ಗೊಜ್ಜಿಗೆ ಟೊಮೇಟೊ ಹೆಚ್ಚತೊಡಗಿದೆ.