ಮಾಮಾನ ಕನ್ನಡಿ, ದೊಡ್ಡವ್ವನ ಬೇವು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನುಷ್ಯರನ್ನಲ್ಲ, ಮಾಳಿಗೆಯನ್ನು! ನೀವು ಚಹಾ ತರುವಷ್ಟರಲ್ಲಿ ಆತ ನಿಮ್ಮ ನೀರಿನ ಟಾಕಿ ಹತ್ತಿ, ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿರುತ್ತಾನೆ. ಕಳ್ಳ ಎಂದು ಕೂಗಬೇಡಿ. ಕಳ್ಳರಿಗೆ ಇಷ್ಟು ಧೈರ್ಯ ಇರುವುದಿಲ್ಲ.

ತಂತಿ ಎಳೆಯದೆ ಊರೂರಿಗೆ ಇಂಟರ್ನೆಟ್ ಮುಟ್ಟಿಸುವುದು ಲಕ್ಷ್ಮೇಶ್ವರದಲ್ಲಿ ಆತನ ಉದ್ಯೋಗ. ಒಂದು ಮಾಳಿಗೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಡಿಶ್, ಹರದಾರಿ ಆಚೆಯ ಮತ್ತೊಂದು ಮಾಳಿಗೆಯ ಮೇಲೆ ಅದರ ಜೋಡಿ. ಎರಡೂ ಒಂದರ ಮುಖ ಒಂದು ನೋಡುತ್ತಿರಬೇಕು, ನಡುವೆ ಗೋಡೆ, ಗುಡ್ಡ, ಗಿಡ ಏನೂ ಬರಬಾರದು. "ಕಣ್ಣಿಗೆ ಕಣ್ಣು ಕೂಡಬೇಕಲೇ. ಲಗ್ನ ಇರಲಿ, ಲಿಂಕ್ ಇರಲಿ, ಮದ್ಲ ನೋಡೂದು ಅದನ್ನ" ಎನ್ನುವುದು ಮಾಮಾನ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಸಿಕ್ಕಿಬಿದ್ದವನು ನಾನೇ. ನನಗೆ ಹೆಣ್ಣು ನೋಡಲು ಬೆಳ್ಳಟ್ಟಿಗೆ ಹೋಗಿದ್ದೆವು. ಹುಡುಗಿ ಅವಲಕ್ಕಿ ತಂದಳು, ಮಾಮಾ ನಾಪತ್ತೆ. ಎಲ್ಲ ಮುಗಿದ ಮೇಲೆ ಮಾಳಿಗೆಯಿಂದ ಇಳಿದು ಬಂದವನನ್ನು ನಮ್ಮವ್ವ ಕೇಳಿದಳು: "ಹೆಂಗ ಅನಸ್ತಪಾ ನಿನಗ?"

"ಭಾಳ ಚಲೋ ಐತಿ. ಟಾಕಿ ಮ್ಯಾಲೆ ನಿಂತ್ರ ಶಿರಹಟ್ಟಿ ಕಾಣ್ತೈತಿ."

ಲಗ್ನ ಅಲ್ಲಿಯೇ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಬೆಳ್ಳಟ್ಟಿಯ ಹೆಣ್ಣಿನ ಮನೆಯ ಮಾಳಿಗೆಯ ಮೇಲೆ ಡಿಶ್ ಕೂತಿತ್ತು. ಮೊದಲ ಅಳಿಯ ಅದೇ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಮಾಮಾನ ಇನ್ನೊಂದು ಹುಚ್ಚು ಕನ್ನಡಿ. ದಾಡಿ ಮಾಡಿಕೊಳ್ಳುವ ಸಣ್ಣ ಕನ್ನಡಿಗೆ ದಾರ ಪೋಣಿಸಿ ಕೊರಳಲ್ಲಿ ಹಾಕಿಕೊಂಡೇ ತಿರುಗುತ್ತಾನೆ. ಒಂದು ತುದಿಯಲ್ಲಿ ಒಬ್ಬರು ಅದನ್ನು ಬಿಸಿಲಿಗೆ ಹಿಡಿದು ಹೊಳೆಸಬೇಕು. ಇನ್ನೊಂದು ತುದಿಯವರು ಹೊಳಪು ಕಂಡ ಕಡೆಗೆ ಡಿಶ್ ತಿರುಗಿಸಿ ಬೋಲ್ಟು ಬಿಗಿಯಬೇಕು. ಮೋಡ ಕವಿದರೆ? ರಜೆ! ಶ್ರಾವಣದಲ್ಲಿ ಊರವರೆಲ್ಲ ಮಳೆಗೆ ಕೈ ಮುಗಿದರೆ ಮಾಮಾನ ಗಿರಾಕಿಗಳು ಬಿಸಿಲಿಗೆ ಮುಗಿಯುತ್ತಾರೆ.

"ಮಾಮಾ, ಈಗ ಮೊಬೈಲೇ ದಿಕ್ಕು ತೋರಸ್ತೈತ್ರಿ" ಎಂದು ಒಮ್ಮೆ ಹೇಳಿ ನೋಡಿದೆ.

"ದಿಕ್ಕು ತೋರಸ್ತೈತಿ ಖರೆ. ನಡಬರಕ ಏನ ಅಡ್ಡ ಐತಿ ಅಂತ ತೋರಸ್ತೈತೇನು? ಕನ್ನಡಿ ಸುಳ್ಳ ಹೇಳೂದಿಲ್ಲಲೇ."

ಈ ಕನ್ನಡಿಯೇ ಆತನ ಮಾನ ಕಳೆಯಿತು. ಅದೂ ಎಲ್ಲಿ? ಸ್ವಂತ ಅಕ್ಕನ ಮನೆಯಲ್ಲಿ.

ಮಾಮಾನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಶಿಗ್ಲಿಯ ಹೊಲದ ಮನೆಯಲ್ಲಿರುತ್ತಾಳೆ. ಹುಟ್ಟಿನಿಂದ ಆಕೆಗೆ ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ. ಅಕ್ಕ ತಮ್ಮ ಸಣ್ಣವರಿದ್ದಾಗ ತಾವೇ ಕಟ್ಟಿಕೊಂಡ ಕೈಭಾಷೆಯೊಂದಿದೆ. ಅದರಲ್ಲಿ ಮೀಸೆ ತಿರುವಿದರೆ ಮಾಮಾ, ಕಿವಿ ಎಳೆದರೆ ನಾನು. ನನ್ನ ಕಿವಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಮನೆಯ ಉಳಿದವರಿಗೆ ಉಣ್ಣು, ಮಲಗು, ಎಮ್ಮೆ ಕಟ್ಟು ಎನ್ನುವಷ್ಟು ಬರುತ್ತದೆ. ಮನಸ್ಸು ಬಿಚ್ಚಿ ಮಾತಾಡುವಷ್ಟು, ಜಗಳ ತೆಗೆಯುವಷ್ಟು ಬರುವುದು ಮಾಮಾನಿಗೆ ಒಬ್ಬನಿಗೇ. ಆ ಹೊಲದಲ್ಲಿ ಮೊಬೈಲು ಹಲೋ ಎನ್ನಲು ಸಾಕು, ಮುಖ ನೋಡಲು ಸಾಲದು. ಹಲೋ ತೆಗೆದುಕೊಂಡು ದೊಡ್ಡವ್ವ ಏನು ಮಾಡಬೇಕು?

ಅದಕ್ಕೇ ಈ ಸಲ ಮಾಘ ಮಾಸದಲ್ಲಿ ಮಾಮಾ ತನ್ನ ಮಾಳಿಗೆಯಿಂದ ಅಕ್ಕನ ಮಾಳಿಗೆಗೆ ಲಿಂಕ್ ಹಾಕಿದ. ದಿನಾ ಸಂಜೆ ಪರದೆಯ ಆಚೆ ಈಚೆ ನಾಲ್ಕು ಕೈಗಳು ಕುಣಿಯತೊಡಗಿದವು. ಊರ ಸುದ್ದಿ, ಸೊಸೆಯ ಸುದ್ದಿ, ಕೊನೆಗೆ ಒಂದು ಸಣ್ಣ ಜಗಳ. ದೊಡ್ಡವ್ವ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಯುಗಾದಿ ಹತ್ತಿರ ಬಂತು, ಲಿಂಕ್ ಸತ್ತಿತು.

ಮಾಮಾ ತನ್ನ ಮಾಳಿಗೆಯ ಮೇಲೆಯೇ ಕೇಬಲ್ ಬದಲಿಸಿದ, ಅಡಾಪ್ಟರ್ ಬದಲಿಸಿದ, ಮಂಗಗಳನ್ನು ಬೈದ, ಡಿಶ್‌ನೊಳಗಿನ ಕಣಜದ ಗೂಡು ತೆಗೆದ. ಕನ್ನಡಿ ಹಾಕಿ ಮತ್ತೊಮ್ಮೆ ನೋಡೋಣವೆಂದರೆ ಸಿಟ್ಟು: "ನಾ ನೋಡಿದ ದಾರಿ ಅದು. ಎರಡನೇ ಸಲ ಯಾಕ ನೋಡ್ಬೇಕು?" ಕೊನೆಗೆ ಹಬ್ಬದ ಹಿಂದಿನ ದಿನ ನನ್ನನ್ನೇ ಶಿಗ್ಲಿಗೆ ಅಟ್ಟಿದ.

ದೊಡ್ಡವ್ವ ನನ್ನನ್ನು ಕಂಡವಳೇ ಮೀಸೆ ತಿರುವಿದಳು, ಕಣ್ಣು ಮುಚ್ಚಿಕೊಂಡಳು, ಆಮೇಲೆ ಅಂಗಳದ ಬೇವಿನ ಗಿಡ ತೋರಿಸಿ ಬೆರಳುಗಳನ್ನು ಮೆಲ್ಲಗೆ ಅರಳಿಸಿದಳು. ನನ್ನಂಥ ದಡ್ಡನಿಗೂ ತಿಳಿಯಿತು. ಮಾಘದಲ್ಲಿ ಎಲೆ ಉದುರಿಸಿ ಬೋಳಾಗಿದ್ದ ಗಿಡ ಈಗ ಮೈತುಂಬ ಚಿಗುರಿ ಡಿಶ್‌ನ ಮುಖಕ್ಕೆ ಪರದೆ ಕಟ್ಟಿತ್ತು.

ಮಾಮಾನಿಗೆ ಫೋನ್ ಮಾಡಿದೆ. ಆತ ಹೇಳಿದ: "ಕನ್ನಡಿ ಸುಳ್ಳ ಹೇಳಿಲ್ಲಲೇ. ಗಿಡ ಆಮ್ಯಾಲೆ ಮನಸ್ಸ ಬದಲ ಮಾಡೇತಿ."

ಮರುದಿನ ಬೆಳಿಗ್ಗೆ ಮಾಮಾ ಬರುವಷ್ಟರಲ್ಲಿ ದೊಡ್ಡವ್ವನ ಮಗ ಕೊಡಲಿ ಹಿಡಿದು ನಿಂತಿದ್ದ, ದೊಡ್ಡವ್ವ ಗಿಡಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ದಿನಾ ಸಂಜೆ ತಮ್ಮನೊಡನೆ ಮಾತು ಬೇಕೆಂದರೆ ಟೊಂಗೆ ಹೋಗಬೇಕು. ಇಷ್ಟು ಆಕೆಗೂ ಗೊತ್ತಿತ್ತು, ಆದರೂ ಕದಲಲಿಲ್ಲ.

"ಕೊಡ್ಲಿ ಒಳಗಿಡಪಾ" ಎಂದ ಮಾಮಾ. "ಗಾಳಿ ಬೀಸೂದು ನಮಗ ಕೇಳ್ತೈತಿ, ಆಕಿಗೆ ಆ ಎಲಿಯೊಳಗ ಕಾಣ್ತೈತಿ. ಗಿಡ ಬೆಳೀತಂದ್ರ ನಾವೂ ಬೆಳಿಯೋಣು. ಬೋರಿಂದು ಹಳೇ ಪೈಪ ಅದಾವೇನು?"

ಪೈಪಿಗೆ ಪೈಪು ಜೋಡಿಸಿ, ನಾಲ್ಕು ದಿಕ್ಕಿಗೆ ತಂತಿ ಬಿಗಿದು, ಡಿಶ್ಶನ್ನು ಬೇವಿನ ತಲೆಗಿಂತ ಮೇಲೆ ಏರಿಸುವ ಏರ್ಪಾಟು ನಡೆಯಿತು. ಮಾಮಾನ ಮಾಳಿಗೆಯ ಡಿಶ್ ತಿರುಗಿಸಲು ನನ್ನನ್ನು ಲಕ್ಷ್ಮೇಶ್ವರಕ್ಕೆ ಓಡಿಸಿದರು.

ಮಧ್ಯಾಹ್ನ ಮಾಮಾನ ಮಾಳಿಗೆಯ ಮೇಲೆ ನಿಂತು ಕಾದೆ. ದೂರದ ಕರಿ ಹೊಲಗಳಾಚೆ ಫಳ್ ಎಂದು ಹೊಳೆಯಿತು. ಡಿಶ್ ತಿರುಗಿಸಿದೆ, ಬೋಲ್ಟು ಬಿಗಿದೆ, ಹಸಿರು ದೀಪ ಹತ್ತಿತು. ಕೆಲಸ ಮುಗಿದರೂ ಆ ಹೊಳಪು ನಿಲ್ಲಲೊಲ್ಲದು. ಶಿಗ್ಲಿಗೆ ಫೋನ್ ಮಾಡಿದೆ.

"ಲಿಂಕ್ ಬಂತ್ರಿ ಮಾಮಾ. ಕನ್ನಡಿ ಇಳಸ್ರಿ ಇನ್ನ."

"ನನ್ನ ಕೈಯಾಗ ಎಲ್ಲೈತಲೇ? ಅಕ್ಕ ಕಸ್ಕೊಂಡಾಳ." ಮಾಮಾನ ದನಿ ಯಾಕೋ ತಗ್ಗಿತ್ತು. "ಸಣ್ಣಾಂವ ಇದ್ದಾಗ ನಾ ಹೊಲದ ಆ ದಂಡಿಗೆ ಎಮ್ಮಿ ಕಾಯ್ತಿದ್ದೆ. ಉಣ್ಣಾಕ ಬಾ ಅಂತ ಎಲ್ಲಾರ ಅಕ್ಕಗೋಳು ಹೆಸರ ಹಿಡದು ಒದರ್ತಿದ್ರು. ನಮ್ಮಕ್ಕ ಮಾಳಿಗಿ ಹತ್ತಿ ಕನ್ನಡಿ ಹೊಳಸ್ತಿದ್ಲು. ಅದ ನನ್ನ ಹೆಸರಲೇ."

"ಈಗ ನೀವು ಅಲ್ಲೇ ಅದೀರಲ್ರಿ. ಮತ್ಯಾಕ ಹೊಳಸಾಕತ್ತಾಳ?"

"ನಿನ್ನ ಕರಿಯಾಕತ್ತಾಳ. ಹೋಳಿಗಿ ಆರಾಕತ್ತಾವ, ಜಲ್ದಿ ಬಾ."

ಉತ್ತರ ಕೊಡಲು ನನ್ನ ಹತ್ತಿರ ಕನ್ನಡಿ ಇರಲಿಲ್ಲ. ಕೆಳಗೆ ಓಡಿ, ಅಡುಗೆಮನೆಯಿಂದ ಉಣ್ಣುವ ಸ್ಟೀಲಿನ ಗಂಗಾಳ ತಂದು ಬಿಸಿಲಿಗೆ ಹಿಡಿದು ಅಲ್ಲಾಡಿಸಿದೆ. ಅತ್ತಲಿನ ಹೊಳಪು ತಟ್ಟನೆ ನಿಂತಿತು. ದೊಡ್ಡವ್ವನಿಗೆ ನಾನು ಓಗೊಟ್ಟಿದ್ದು ಕೇಳಿಸಿತ್ತು.