ನಮ್ಮ ಅತ್ತಿಗೆ ನರ್ಸಾದದ್ದು

ನಮ್ಮ ಅತ್ತಿಗೆಗೆ ಆರೋಗ್ಯವಂತರನ್ನು ಕಂಡರೆ ಆಗುತ್ತಿರಲಿಲ್ಲ. ಸುಳ್ಳಲ್ಲ. ಮನೆಗೆ ಬಂದ ನೆಂಟರು "ಎಲ್ಲ ಸೌಖ್ಯ" ಎಂದರೆ ಅತ್ತಿಗೆಯ ಮುಖ ಬಾಡಿಹೋಗುತ್ತಿತ್ತು. "ಸ್ವಲ್ಪ ಸೊಂಟ ನೋವು" ಎಂದರೆ ಮಣೆ ಹಾಕಿ ಕೂರಿಸಿ ಕಾಫಿ ಕೊಡುತ್ತಿದ್ದರು. "ಹೋದ ವಾರವೆಲ್ಲ ಜ್ವರ" ಎಂದವರಿಗೆ ಕಾಫಿಯ ಜೊತೆ ಕೋಡುಬಳೆಯೂ ಸಿಗುತ್ತಿತ್ತು. ನಮ್ಮ ನೆಂಟರೇನು ದಡ್ಡರೇ? ಬರಬರುತ್ತಾ ಬಾಗಿಲಲ್ಲೇ ಕೆಮ್ಮಿಕೊಂಡು ಒಳಗೆ ಬರುವುದನ್ನು ಕಲಿತರು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಹಿಡಿದುಕೊಂಡು ಭದ್ರಾವತಿಯ ನಮ್ಮ ಮನೆಗೆ ಬಂದು ಸೇರಿದ್ದರು. ನನ್ನ ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ಅತ್ತೆಯದು ಬಾಯಿ, ಅತ್ತಿಗೆಯದು ಹಟ, ನನ್ನ ಗಂಡನದು ಮೌನ. ನನ್ನ ಪಾಲಿಗೆ ಉಳಿದದ್ದು ಒಲೆ.

ಒಂದು ದಿನ ನನ್ನ ಗಂಡನ ಊಟ ಮುಗಿದು ಅತ್ತೆ, ಅತ್ತಿಗೆ ಎಲೆಯ ಮುಂದೆ ಕೂತಿದ್ದರು. ನಾನು ಸಾರು ಬಡಿಸುತ್ತಿದ್ದೆ. ಅತ್ತಿಗೆ ಅನ್ನ ಕಲೆಸುತ್ತಲೇ ಹೇಳಿದರು.

"ನಾನು ನರ್ಸ್ ಪರೀಕ್ಷೆ ಕಟ್ತೀನಿ."

ಅತ್ತೆಯ ಕೈಯಲ್ಲಿದ್ದ ತುತ್ತು ಎಲೆಗೆ ವಾಪಸ್ಸಾಯಿತು. "ಕಂಡೋರ ಹೊಲಸು ಬಳಿಯೋಕೆ ನಿನ್ನನ್ನ ಹೆತ್ತಿದ್ನಾ ನಾನು?"

"ನನ್ನ ಹೊಲಸು ನೀನು ಬಳಿಲಿಲ್ವೇನಮ್ಮ?"

"ಅದು ಹೆತ್ತ ತಪ್ಪಿಗೆ. ಇಲ್ಲಿ ಅನ್ನಕ್ಕೇನು ಕಡಿಮೆಯಾಗಿದೆ ನಿಂಗೆ?"

"ಅನ್ನಕ್ಕೆ ಕಡಿಮೆ ಇಲ್ಲ. ಎರಡನೇ ಸಲ ಬಡಿಸ್ಕೊಳ್ಳೋವಾಗ ಎದುರಿಗಿರೋರ ಮುಖ ನೋಡ್ಬೇಕಾಗುತ್ತೆ."

ಬಡಿಸುತ್ತಿದ್ದವಳು ನಾನು. ಮಾತು ಯಾರ ಕಡೆಗೆ ತಿರುಗಿತ್ತೆಂದು ಬಿಡಿಸಿ ಹೇಳಬೇಕೆ? ಅವತ್ತಿನಿಂದ ನಾನು ಅವರಿಗೆ ಬಡಿಸುವಾಗಲೆಲ್ಲ ಹಲ್ಲು ಕಿರಿಯುವ ಅಭ್ಯಾಸ ಮಾಡಿಕೊಂಡೆ. ಅವರು ಅದನ್ನೂ ಬಿಡಲಿಲ್ಲ. "ಯಾಕೆ ಮಾರಾಯ್ತಿ, ದವಡೆ ನೋವಾ?" ಎಂದು ಆಸೆಯಿಂದ ಕೇಳಿದರು.

ಬೆಂಗಳೂರಿಗೆ ಹೋಗಿ, ಅಲ್ಲೇ ಇದ್ದು ನರ್ಸಿಂಗ್ ಕಲಿಯುವಷ್ಟು ಅನುಕೂಲ ನಮಗಿರಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಕೈಕೆಲಸ ಮಾಡಿದವರು ಮನೆಯಲ್ಲೇ ಓದಿಕೊಂಡು ಪರೀಕ್ಷೆಗೆ ಕೂರಬಹುದೆಂದು ಅತ್ತಿಗೆ ಎಲ್ಲಿಂದಲೋ ತಿಳಿದು ಬಂದರು. ಬೆಳಗಿನ ಹೊತ್ತು ಊರಿನ ಪುಟ್ಟ ಹೆರಿಗೆ ಆಸ್ಪತ್ರೆಗೆ ಹೋಗತೊಡಗಿದರು. ಅತ್ತೆ ಒಂದು ಕಾನೂನು ಮಾಡಿದರು. ಆಸ್ಪತ್ರೆಯಿಂದ ಬಂದವಳು ಹಿತ್ತಲ ಬಾವಿಯಲ್ಲಿ ತಣ್ಣೀರು ಸುರಿದುಕೊಳ್ಳದೆ ಹೊಸ್ತಿಲು ದಾಟಬಾರದು, ಅಡುಗೆಮನೆಗಂತೂ ಕಾಲಿಡಲೇಬಾರದು. ಅಡುಗೆಮನೆಯ ಕೆಲಸ ತಪ್ಪಿತಲ್ಲ ಎಂದು ಅತ್ತಿಗೆ ಈ ಶಿಕ್ಷೆಯನ್ನು ಸಂತೋಷದಿಂದ ಅನುಭವಿಸಿದರು. ಅವರ ಪಾಲಿನ ರುಬ್ಬುವುದೂ ನನಗೇ ಬಂತು. ಹೀಗಾಗಿ ಅವರ ವಿದ್ಯಾಭ್ಯಾಸದ ಖರ್ಚನ್ನು ನನ್ನ ರಟ್ಟೆಗಳು ಭರಿಸಿದವೆಂದು ನಾನು ಇಂದಿಗೂ ಹೇಳುತ್ತೇನೆ.

ಇನ್ನು ಪುಸ್ತಕ. ಕೊಂಡುಕೊಳ್ಳುವ ಮಾತೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಕಾರ್ಖಾನೆಯ ಫಿಟ್ಟರೊಬ್ಬರ ಹೆಂಡತಿ ಇದ್ದರು, ಸೇಲಂ ಕಡೆಯವರು. ಅವರ ತಂಗಿ ಹಿಂದೆ ಮದರಾಸಿನಲ್ಲಿ ನರ್ಸಿಂಗ್ ಓದಿದ್ದಳಂತೆ, ಅವಳ ಪುಸ್ತಕ ಇವರ ಪೆಟ್ಟಿಗೆಯ ತಳದಲ್ಲಿತ್ತು. ಪುಸ್ತಕವೇನೋ ಸಿಕ್ಕಿತು. ಆದರೆ ಅದು ತಮಿಳಿನದು! ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಬರುತ್ತಿದ್ದರು. ನಮ್ಮ ಅತ್ತಿಗೆ ದಿನಾ ಮಧ್ಯಾಹ್ನ ಆಕೆಯ ಮನೆಗೆ ಹೋಗಿ ಅಕ್ಕಿಯಲ್ಲಿ ಕಲ್ಲು ಆರಿಸಿಕೊಟ್ಟು, ಹಪ್ಪಳ ಒತ್ತಿಕೊಟ್ಟು ಪಾಠ ಓದಿಸಿಕೊಂಡರು. ಆಕೆ ತಮಿಳಿನಲ್ಲಿ ಓದುವುದು, ಅರ್ಥವನ್ನು ಅರ್ಧ ಕನ್ನಡದಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳುವುದು, ಇವರು ಅದನ್ನೆಲ್ಲ ಬಾಯಿಪಾಠ ಮಾಡುವುದು.

ಪರಿಣಾಮವಾಗಿ ನಮ್ಮ ಮನೆಯ ಕಾಯಿಲೆಗಳೆಲ್ಲ ತಮಿಳಾದವು. ಜ್ವರ ಹೋಗಿ ಕಾಯ್ಚಲ್ ಬಂತು. ಕೆಮ್ಮು ಹೋಗಿ ಇರುಮಲ್ ಬಂತು. ಒಲೆಯ ಹೊಗೆಗೆ ನನಗೊಮ್ಮೆ ತಲೆ ಸುತ್ತಿದಾಗ ಅತ್ತಿಗೆ ಓಡಿ ಬಂದು ನಾಡಿ ಹಿಡಿದು, "ಮಯಕ್ಕಂ, ಮಯಕ್ಕಂ" ಎಂದರು. ಯಾವುದೋ ದೆವ್ವ ಮೆಟ್ಟಿಕೊಂಡಿದೆಯೆಂದು ಅತ್ತೆ ನನ್ನ ಹಣೆಗೆ ವಿಭೂತಿ ಬಳಿದರು.

ಮೂಳೆಗಳನ್ನು ಕಲಿಯಲು ಅಸ್ಥಿಪಂಜರ ಬೇಕಲ್ಲ? ಅದನ್ನು ನಾನೇ ಕೇಳಿದೆ, ಕೇಳಬಾರದಿತ್ತು.

"ನಿನ್ನ ಗಂಡ ಇರೋವಾಗ ಅದ್ಯಾಕಮ್ಮ?" ಎಂದರು ಅತ್ತಿಗೆ.

ನನ್ನ ಗಂಡ ತೆಳ್ಳಗಿದ್ದರೆಂಬುದು ನಿಜ. ಅಂಗಿ ಕಳಚಿದರೆ ಒಂದೊಂದು ಪಕ್ಕೆಲುಬನ್ನೂ ದೂರದಿಂದಲೇ ಎಣಿಸಬಹುದಿತ್ತು. ಅತ್ತಿಗೆ ಅವರನ್ನು ಜಗುಲಿಯಲ್ಲಿ ನಿಲ್ಲಿಸಿ, ಆಫೀಸಿನ ಕಾಪಿ ಪೆನ್ಸಿಲನ್ನು ನಾಲಿಗೆಗೆ ಒತ್ತಿ, ಮೂಳೆಮೂಳೆಗೂ ಹೆಸರು ಬರೆದರು. ಆ ಪೆನ್ಸಿಲು ಒದ್ದೆಯಾದರೆ ನೇರಳೆ ಬಣ್ಣ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮಾರನೆಯ ದಿನ ಕಾರ್ಖಾನೆಯ ಬಿಸಿಗೆ ಬೆವರಿ ಬಣ್ಣವೆಲ್ಲ ಅಂಗಿಗೆ ಇಳಿಯಿತು. ಸಾಹೇಬರು ಕರೆದು ಕೇಳಿದರಂತೆ, ಇದೇನು ಚರ್ಮರೋಗ ಎಂದು. ನನ್ನ ಗಂಡ ಬಹಳ ಯೋಚಿಸಿ, "ಅಕ್ಕ ಸಾರ್" ಎಂದರಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವಾರ ಬ್ಯಾಂಡೇಜಿನ ಪಾಠ ಶುರುವಾಗಿತ್ತು. ಹಳೆಯ ಪಂಚೆಯನ್ನು ಉದ್ದುದ್ದ ಹರಿದು ನನ್ನ ತಲೆಗೆ, ದವಡೆಗೆ, ಒಂದು ಕಣ್ಣಿಗೆ ಸೇರಿಸಿ ಬಿಗಿಯಾಗಿ ಸುತ್ತಿ, ಬಿಚ್ಚುವುದನ್ನು ನಾಳೆ ಓದುತ್ತೇನೆಂದು ಹೇಳಿ ಆಸ್ಪತ್ರೆಗೆ ಹೊರಟುಹೋದರು. ಗಂಟು ಹಿಂದುಗಡೆ ಎಲ್ಲೋ ಇತ್ತು, ನನ್ನ ಕೈಗೆ ಸಿಗಲಿಲ್ಲ. ಆಸ್ಪತ್ರೆಯ ಕಟ್ಟು ಮೈಲಿಗೆಯೆಂದು ಅತ್ತೆ ಮುಟ್ಟಲಿಲ್ಲ. ಆಗಲೇ ಬರಬೇಕೆ ನನ್ನ ದೊಡ್ಡಮ್ಮ? ನನ್ನ ತವರು ಶಿವಮೊಗ್ಗ. ಗಾಂಧಿ ಬಜಾರಿನಲ್ಲಿ ಅಪ್ಪನ ಜವಳಿ ಅಂಗಡಿ. ದೊಡ್ಡಮ್ಮ ಬಾಗಿಲಲ್ಲೇ ನಿಂತು ನನ್ನನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ನಾನು ಹೇಳುವುದನ್ನು ಕೇಳಿಸಿಕೊಳ್ಳದೆ ಹಾಗೇ ರೈಲು ಹತ್ತಿದರು. ದವಡೆ ಕಟ್ಟಿದ್ದರಿಂದ ನಾನು ಹೇಳಿದ್ದು ಯಾರಿಗಾದರೂ ತಿಳಿಯುವಂತೆಯೂ ಇರಲಿಲ್ಲ ಬಿಡಿ.

ಅಳಿಯ ಮಗಳನ್ನು ಹೊಡೆದು ಕಣ್ಣು ಕಳೆದನೆಂಬ ಸುದ್ದಿ ಅಪ್ಪನ ಅಂಗಡಿಯನ್ನು ಮುಟ್ಟಿತು. ಸಾಯಂಕಾಲದ ರೈಲಿಗೆ ಅಪ್ಪ ಬಂದಿಳಿದರು. ಕೈಯಲ್ಲಿ ಮೊಳಕೋಲು. ಬಟ್ಟೆ ಅಳೆಯುವಾಗ ಸುದ್ದಿ ಬಂದು, ಅದನ್ನು ಕೆಳಗಿಡಲು ಮರೆತಿದ್ದರು. ನನ್ನ ತಲೆಯ ಕಟ್ಟು ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ ನನ್ನ ಗಂಡ ಬಚ್ಚಲಿನಿಂದ ಬರಿ ಮೈಯಲ್ಲಿ ಹೊರಗೆ ಬಂದರು. ಎದೆ, ಬೆನ್ನು, ರಟ್ಟೆಯೆಲ್ಲ ನೇರಳೆ ಬಣ್ಣದ ಬರೆ. ಅಪ್ಪ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮೊಳಕೋಲನ್ನು ಗೋಡೆಗೆ ಒರಗಿಸಿದರು.

"ಸಮ ಸಮ ಆಗಿದೆ ಬಿಡು. ಕಾಫಿ ಮಾಡು" ಎಂದರು.

ಕೊನೆಗೆ ಪರೀಕ್ಷೆ ಬಂತು. ಬೆಂಗಳೂರಿನ ಡಾಕ್ಟರಮ್ಮನೊಬ್ಬರು ಶಿವಮೊಗ್ಗಕ್ಕೆ ಬಂದು ಬಾಯಿಮಾತಿನ ಪರೀಕ್ಷೆ ನಡೆಸಿದರು. ನನ್ನ ಗಂಡ ಜೊತೆಗೆ ಹೋಗಿ ಬಾಗಿಲ ಹೊರಗೆ ಕೂತಿದ್ದರಿಂದ ಒಳಗಿನ ಸಂಭಾಷಣೆ ನಮಗೆ ತಿಳಿಯಿತು.

"ಬಾಣಂತಿಗೆ ಜ್ವರ ಬಂದ್ರೆ ಏನೇನು ನೋಡ್ತೀರಿ?"

"ಕಾಯ್ಚಲ್ ಎಷ್ಟಿದೆ ನೋಡ್ತೀನಿ. ಇರುಮಲ್ ಇದೆಯಾ, ಕಾಲಲ್ಲಿ ವೀಕ್ಕಂ ಇದೆಯಾ ನೋಡ್ತೀನಿ."

"ನಿಮ್ಮ ಮನೆಮಾತು ತಮಿಳಾ?"

"ಇಲ್ಲ, ಕನ್ನಡ."

"ಹಾಗಾದ್ರೆ ಕನ್ನಡದಲ್ಲಿ ಹೇಳಿ."

ಅತ್ತಿಗೆಗೆ ಹುಟ್ಟಿದಾಗಿನಿಂದ ಆಡಿದ ಮಾತು ಆ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಕನ್ನಡದಲ್ಲಿ ನಂಗೆ ಕಾಯಿಲೆ ಗೊತ್ತಿಲ್ಲ" ಎಂದುಬಿಟ್ಟರು.

ಫೇಲು.

ಅತ್ತೆ ಹಬ್ಬ ಮಾಡಲಿಲ್ಲ, ಅಷ್ಟೇ. "ಆಯ್ತಲ್ಲ, ಇನ್ನಾದ್ರೂ ಸುಮ್ನೆ ಮನೇಲಿ ಬಿದ್ದಿರು" ಎಂದರು. ಅತ್ತಿಗೆ ಎರಡು ದಿನ ಆಸ್ಪತ್ರೆಗೂ ಹೋಗಲಿಲ್ಲ. ನೆಂಟರೊಬ್ಬರು ಬಂದು ಬಾಯಿ ತುಂಬ ತಮ್ಮ ಮೂಲವ್ಯಾಧಿಯ ವಿಷಯ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರುಬ್ಬುವ ಕೆಲಸ ಮತ್ತೆ ಹಂಚಿಕೆಯಾಗುತ್ತದೆಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ.

ಮೂರನೆಯ ದಿನ ಅತ್ತಿಗೆ ಅತ್ತೆಯ ಎದುರು ಕೂತು, ಗಾಳಿಗೆ ಹೇಳುವವರಂತೆ, "ಅಮ್ಮನಿಗೆ ಇರುಮಲ್ ಜಾಸ್ತಿಯಾಗಿದೆ" ಎಂದರು.

"ಇರುಮಲ್ ಅಂತೆ ಇರುಮಲ್! ಕೆಮ್ಮು ಅನ್ನೋಕೆ ನಾಲಿಗೆ ಹೊರಳಲ್ವಾ ನಿಂಗೆ?"

"ಕೆಮ್ಮು" ಎಂದರು ಅತ್ತಿಗೆ ಮೆಲ್ಲಗೆ. "ಕಾಲಲ್ಲಿ ವೀಕ್ಕಂ ಬೇರೆ."

"ಅದಕ್ಕೆ ಬಾವು ಅಂತಾರೆ, ಮೂದೇವಿ. ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳುತ್ತೆ, ನೋಡು."

ಹೀಗೆ ಶುರುವಾಯಿತು. ತಮಿಳಿನ ಒಂದೊಂದು ಕಾಯಿಲೆಯನ್ನೂ ಅತ್ತಿಗೆ ತಾಯಿಯ ಮುಂದೆ ಎಸೆಯುವುದು, ತಾಯಿ ಬೈಗುಳದ ಸಮೇತ ಅದನ್ನು ಕನ್ನಡ ಮಾಡಿ ವಾಪಸ್ಸು ಎಸೆಯುವುದು. ಅತ್ತೆಗೆ ಗೊತ್ತಿಲ್ಲದ ಕಾಯಿಲೆಯೇ ಇರಲಿಲ್ಲ, ಬೈಗುಳವೂ ಅಷ್ಟೇ. ಮಗಳನ್ನು ತಾನೇ ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆಂಬುದು ಆಕೆಗೆ ಹೊಳೆಯಲೇ ಇಲ್ಲವೆಂದು ನಾವು ನಗುತ್ತಿದ್ದೆವು. ಮರುವರ್ಷ ಅತ್ತಿಗೆ ಪಾಸಾದರು. ಸುದ್ದಿ ಕೇಳಿ ಅತ್ತೆ, "ಸರಿ, ಇನ್ನು ಊರಿನ ಹೊಲಸೆಲ್ಲ ನಮ್ಮನೆ ಬಾಗಿಲಿಗೆ" ಎಂದು ಎದ್ದು ಹಿತ್ತಲಿಗೆ ಹೋದರು.

ಅತ್ತಿಗೆಗೆ ಅದೇ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸವಾಯಿತು. ಬಿಳಿ ಸೀರೆಯುಟ್ಟು ಜನ್ನಾಪುರದ ಕಡೆಗೆಲ್ಲ ಬಾಣಂತಿಯರನ್ನು ನೋಡಲು ಹೋಗುತ್ತಿದ್ದರು. ಬೇರೆ ಮನೆ ಮಾಡುವಷ್ಟು ಶಕ್ತಿ ಬಂದರೂ ಮಾಡಲಿಲ್ಲ. ಊಟಕ್ಕೆ ಕೂತಾಗ ಎರಡನೇ ಸಲ, ಮೂರನೇ ಸಲ ತಾವೇ ಕೇಳಿ ಬಡಿಸಿಕೊಂಡರು. ತಿಳಿದವರ ಅಹಂಕಾರ ಮಾತ್ರ ಹೇಳತೀರದು. ನಮ್ಮಲ್ಲಿ ಯಾರು ಯಾವ ಕಾಯಿಲೆಯ ಹೆಸರು ತೆಗೆದರೂ ತಿದ್ದದೆ ಬಿಡುತ್ತಿರಲಿಲ್ಲ. ನನಗೆ ನೆಗಡಿಯಾದರೆ ಅದು ನೆಗಡಿಯಲ್ಲವೆಂದು ಸಾಧಿಸಿ, ನನಗೆ ನಿಜವಾಗಿ ಹೆದರಿಕೆ ಹುಟ್ಟಿದ ಮೇಲೆ, "ನೆಗಡಿನೇ ಕಣೆ" ಎನ್ನುತ್ತಿದ್ದರು.

ಕೆಲವು ವರ್ಷ ಕಳೆದ ಮೇಲೆ ಅತ್ತೆಗೆ ವಿಷಮಶೀತ ಜ್ವರ ಬಂತು. ಇಳಿಯಲೇ ಇಲ್ಲ. ಅತ್ತಿಗೆ ರಜೆ ಹಾಕಿದರೂ ಕೆಲಸದ ಬಿಳಿ ಸೀರೆಯುಟ್ಟೇ ಹಾಸಿಗೆಯ ಪಕ್ಕದಲ್ಲಿ ಉಳಿದರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೊಲಸಾದ ಬಟ್ಟೆ ತೆಗೆಯುವುದು, ಯಾವುದನ್ನೂ ನನಗೆ ಮುಟ್ಟಗೊಡಲಿಲ್ಲ. ಕೊನೆಕೊನೆಗೆ ಅತ್ತೆಗೆ ಗುರುತು ತಪ್ಪಿತು. ನನ್ನನ್ನು ತಮ್ಮ ತಂಗಿಯೆಂದು ಕರೆದರು. ಮಗನನ್ನು ಯಾರೋ ಅಂಚೆಯವನೆಂದು ತಿಳಿದು ಕಾಗದ ಕೇಳಿದರು.

ಒಂದು ಬೆಳಿಗ್ಗೆ ಅತ್ತಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಅತ್ತೆ ಕಣ್ಣು ಬಿಟ್ಟು, ಬಿಳಿ ಸೀರೆಯನ್ನು ಬಹಳ ಹೊತ್ತು ನೋಡಿದರು.

"ನರ್ಸಮ್ಮ, ಒಂದು ಮಾತು ಕೇಳ್ಲಾ?"

"ಕೇಳಿ" ಎಂದರು ಅತ್ತಿಗೆ.

"ನನ್ನ ಮಗಳೂ ಇದೇ ಓದ್ತಿದಾಳೆ. ನಾನು ಬಯ್ತಾನೇ ಇರ್ತೀನಿ, ಆದ್ರೂ ಓದ್ತಾಳೆ. ಪಾಸಾಗ್ತಾಳಾ?"

ಎಲ್ಲರನ್ನೂ ಎಲ್ಲದಕ್ಕೂ ತಿದ್ದುವ ನಮ್ಮ ಅತ್ತಿಗೆ ಅವತ್ತು ತಿದ್ದಲಿಲ್ಲ.

"ಪಾಸಾಗ್ತಾಳೆ ಕಣ್ರಮ್ಮ. ಬಾಯಿ ತೆಗೀರಿ."

ಅತ್ತೆ ಗಂಜಿ ನುಂಗಿದರು. ಆಮೇಲೆ ಅತ್ತಿಗೆಯ ಕೈ ಹಿಡಿದು, ದನಿ ತಗ್ಗಿಸಿ ಹೇಳಿದರು.

"ನಾನು ಕೇಳ್ದೆ ಅಂತ ಅವಳಿಗೆ ಹೇಳ್ಬೇಡಿ."

"ಇಲ್ಲಮ್ಮ" ಎಂದರು ಅತ್ತಿಗೆ. "ಹೇಳಲ್ಲ."