ಲಾಳಿಯ ಗದ್ದದ ಕಲೆ

ಆದಿಲಕ್ಷ್ಮಮ್ಮ: ಬಿಡ್ರೀ ಅದರ ಗದ್ದಾನ. ಉಜ್ಜಿ ಉಜ್ಜಿ ಒಗೆಯೋಕೆ ಅದೇನು ಸೀರೆನಾ?

ಚೌಡಯ್ಯ: ಸೀರೆ ಆಗಿದ್ರೆ ಇಷ್ಟೊತ್ತಿಗೆ ಕಲೆ ಹೋಗಿರೋದು. ಸೀರೆಗೆ ಉಗುರಿರಲ್ಲ ನೋಡು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮಗ್ಗಗಳು ಬಾಯಿ ಮುಚ್ಚಿದ್ದವು, ಹಾಗಾಗಿ ಮನುಷ್ಯರು ತೆರೆದಿದ್ದರು. ಚೌಡಯ್ಯ ಮಗ್ಗದ ಪಕ್ಕದ ಮಣೆಯ ಮೇಲೆ ಕೂತು, ಮನೆಯ ಬಿಳಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯಂತೆ ಮನೆ ತುಂಬ ಅತ್ತಿಂದಿತ್ತ ಓಡಾಡುತ್ತದೆಂದು ಅದಕ್ಕೆ ಲಾಳಿ ಎಂದೇ ಹೆಸರಿಟ್ಟಿದ್ದರು. ಅದರ ಗದ್ದದ ಮೇಲೆ ಗಸಗಸೆ ಚೆಲ್ಲಿದಂತೆ ಕಪ್ಪು ಚುಕ್ಕಿಗಳು. ಹೆಂಡತಿ ಆದಿಲಕ್ಷ್ಮಮ್ಮ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

ಆದಿಲಕ್ಷ್ಮಮ್ಮ: ಅದೇನು ಕಲೆ ಅಂತ ಯಾರು ಹೇಳಿದ್ದು ನಿಮಗೆ?

ಚೌಡಯ್ಯ: ಕಲೆ ಬಗ್ಗೆ ನನಗೆ ಯಾರಾದ್ರೂ ಹೇಳ್ಕೊಡ್ಬೇಕಾ? ಇದು ಮಗ್ಗದ ಎಣ್ಣೆ. ಈ ಬೆಕ್ಕು ಹೋಗಿ ಎಣ್ಣೆ ಬಟ್ಟಲಿಗೆ ಗದ್ದ ಇಡ್ತದೆ, ಆಮೇಲೆ ಬಂದು ಸೀರೆ ಮೇಲೆ ಇಡ್ತದೆ. ಕೆನೆ ಬಣ್ಣದ ಸೀರೆ ಮೂರು ವಾಪಸ್ ಕಳಿಸಿದಾನೆ ಆ ಅಂಗಡಿ ವೇಣುಗೋಪಾಲ. ಎಲ್ಲದರ ಮೇಲೂ ಕಪ್ಪು ಚುಕ್ಕಿ.

ಆದಿಲಕ್ಷ್ಮಮ್ಮ: ಅದಕ್ಕೆ ಇದನ್ನ ಮನೆಯಿಂದ್ಲೇ ಓಡಿಸ್ಬೇಕಾ?

ಚೌಡಯ್ಯ: ಓಡಿಸ್ತಾ ಇಲ್ಲಮ್ಮಾ, ಕೆಲಸಕ್ಕೆ ಕಳಿಸ್ತಾ ಇದೀನಿ. ನಿನ್ನ ತಂಗಿ ಗಂಡ ಕಾಂತರಾಜು ನೆಲಮಂಗಲದ ಸಿಮೆಂಟ್ ಗೋಡೌನಲ್ಲಿ ಇಲಿ ಕಾಟ ಅಂತ ಬಾಯಿ ಬಡ್ಕೋತಾನೆ. ಮಧ್ಯಾಹ್ನದ ಬಸ್ಸಿಗೆ ಬರ್ತಾನೆ, ತಗೊಂಡು ಹೋಗ್ತಾನೆ.

ಆದಿಲಕ್ಷ್ಮಮ್ಮ: ಹೋಗೋ ಬೆಕ್ಕಿಗೆ ಗದ್ದ ಯಾಕೆ ತೊಳೀತೀರಾ ಮತ್ತೆ?

ಚೌಡಯ್ಯ: ನೆಂಟರ ಮನೆಗೆ ಕೊಡೋದಲ್ವಾ. ಚೊಕ್ಕಟವಾಗಿ ಕೊಡ್ಬೇಕು.

ಆದಿಲಕ್ಷ್ಮಮ್ಮನ ಕಣ್ಣು ಸಣ್ಣಗಾಯಿತು. ಅವಳು ಬೆಕ್ಕನ್ನು ಬಿಟ್ಟುಕೊಡುವವಳಲ್ಲ. ಮೂರು ವರ್ಷದ ಹಿಂದೆ ರೇಷ್ಮೆ ನೂಲಿನ ಚೀಲದೊಳಗೆ ಇಲಿ ಮರಿಹಾಕಿದಾಗ, ಅಂಗೈಯಷ್ಟಿದ್ದ ಈ ಲಾಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದವಳು ಅವಳೇ.

ಆದಿಲಕ್ಷ್ಮಮ್ಮ: ಸರಿ. ಎಣ್ಣೆ ಕಲೆಗೆ ನೀವು ಏನು ಹಾಕ್ತೀರಾ?

ಚೌಡಯ್ಯ: ಮೊದ್ಲು ಮುಖಕ್ಕೆ ಹಚ್ಚೋ ಪೌಡರು. ಅದು ಎಣ್ಣೆ ಹೀರುತ್ತೆ. ಆಮೇಲೆ ಸೋಪಿನ ನೊರೆ. ಅದಕ್ಕೂ ಹೋಗದ ಎಣ್ಣೆ ಈ ತಾಲೂಕಲ್ಲೇ ಇಲ್ಲ.

ಆದಿಲಕ್ಷ್ಮಮ್ಮ: ಇದಕ್ಕೆ ಪೌಡರು ಹಾಕಿದ್ರಾ?

ಚೌಡಯ್ಯ: ಹಾಕ್ದೆ.

ಆದಿಲಕ್ಷ್ಮಮ್ಮ: ಸೋಪು?

ಚೌಡಯ್ಯ: ಎರಡು ಸಲ.

ಆದಿಲಕ್ಷ್ಮಮ್ಮ: ಹೋಯ್ತಾ?

ಚೌಡಯ್ಯ ಬೆಕ್ಕಿನ ಮೂತಿಯನ್ನು ಬೆಳಕಿಗೆ ತಿರುಗಿಸಿದ. ಪೌಡರು ಬಳಿದುಕೊಂಡ ಲಾಳಿ ನಾಟಕದ ಹೆಣ್ಣುವೇಷದಂತೆ ಕಾಣುತ್ತಿತ್ತು. ಚುಕ್ಕಿಗಳು ಇದ್ದಲ್ಲೇ ಇದ್ದವು.

ಚೌಡಯ್ಯ: ಸ್ವಲ್ಪ ಹಠಮಾರಿ ಎಣ್ಣೆ.

ಆದಿಲಕ್ಷ್ಮಮ್ಮ: ಸೀರೆ ಮೇಲಿನ ಕಲೆ ಹೋಯ್ತಾ?

ಚೌಡಯ್ಯ: ಅದು ಒಂದೇ ಸಲಕ್ಕೆ ಹೋಯ್ತು. ಕೈ ಯಾರದ್ದು.

ಆದಿಲಕ್ಷ್ಮಮ್ಮ: ಕೈ ನಿಮ್ಮದೇ. ಈಗ ತಲೆಯೂ ಸ್ವಲ್ಪ ಓಡಿಸಿ. ಪೌಡರು, ಸೋಪು ಹಾಕಿ ನೀವೇ ಉಜ್ಜಿದ್ರೂ ಹೋಗದ ಕಪ್ಪು, ಬೆಕ್ಕು ಸುಮ್ನೆ ಮಲಗಿದ್ರೆ ಸೀರೆಗೆ ಹೆಂಗ್ರೀ ಮೆತ್ಕೊಳ್ತು?

ಮಣೆ ಕಿರ್ರೆಂದಿತು. ಚೌಡಯ್ಯ ದೊಡ್ಡದಾಗಿ ಆಕಳಿಸಿದ.

ಆದಿಲಕ್ಷ್ಮಮ್ಮ: ಎದ್ದು ನಿಂತ್ಕೊಳ್ಳಿ ಸ್ವಲ್ಪ.

ಚೌಡಯ್ಯ: ಯಾಕೆ?

ಆದಿಲಕ್ಷ್ಮಮ್ಮ: ದಿನಾ ಮಗ್ಗದ ಮೇಲೆ ಬಗ್ಗಿ ಸೀರೆ ಬುಟ್ಟಾ ನೋಡ್ತೀರಲ್ಲ, ಹಂಗೆ ಬಗ್ಗಿ. ಈಗ ಬನೀನು ನೋಡ್ಕೊಳ್ಳಿ.

ಚೌಡಯ್ಯ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ಬಗ್ಗಿದ. ಬನೀನಿನ ಹೊಟ್ಟೆಯ ಮೇಲೆ ನಾಲ್ಕು ಎಣ್ಣೆಬೆರಳು ಒರೆಸಿದ ಗುರುತು ಕಪ್ಪಗೆ ಕೂತಿತ್ತು. ಆ ಹೊಟ್ಟೆ ಮಗ್ಗದಲ್ಲಿದ್ದ ಸೀರೆಗೆ ಸರಿಯಾಗಿ ಒರಗಿತ್ತು. ಅವನು ಬೆಕ್ಕಿನ ಸಮೇತ ಮತ್ತೆ ಮಣೆಯ ಮೇಲೆ ಕೂತ.

ಚೌಡಯ್ಯ: ಬೆಕ್ಕು ನನ್ನ ಹೊಟ್ಟೆ ಮೇಲೂ ಮಲಗುತ್ತೆ ಕಣೇ.

ಆದಿಲಕ್ಷ್ಮಮ್ಮ: ಮತ್ತೆ ಅದೇ ಹೇಳ್ತೀರಾ? ಅದರದ್ದು ಅಂಟೋ ಕಪ್ಪಲ್ಲ ಅಂತ ನೀವೇ ಸೋಪು ಸವೆಸಿ ಸಾಬೀತು ಮಾಡಿದೀರಾ.

ಆಗ ಸೊಸೆ ಮೇಘನ ಒಳಗೆ ಬಂದಳು. ಕೈಯಲ್ಲಿ ಪುಟ್ಟ ಬಾಟಲಿ, ಹತ್ತಿಯ ಉಂಡೆ.

ಮೇಘನ: ಅಯ್ಯೋ ಮಾವಾ, ಇದೇನು ಇವಳಿಗೆ ಮೇಕಪ್ಪು? ಉಜ್ಜಬಾರದಂತೆ ಅದನ್ನ. ಬೆಳಿಗ್ಗೆ ಪಕ್ಕದ್ಮನೆ ಶಶಿರೇಖಕ್ಕನ ಹಸು ನೋಡೋಕೆ ಡಾಕ್ಟ್ರು ಬಂದಿದ್ರಲ್ಲ, ಇವಳನ್ನೂ ತೋರಿಸಿದೆ. ಈಗ ಹೋಗಿ ಔಷಧಿ ತಂದೆ. ಅದು ಮೊಡವೆ.

ಚೌಡಯ್ಯ: ಬೆಕ್ಕಿಗೆ ಮೊಡವೆನಾ? ಇದೇನು ಕಾಲೇಜಿಗೆ ಹೋಗ್ತದಾ?

ಮೇಘನ: ಯಾವ ವಯಸ್ಸಲ್ಲಾದ್ರೂ ಬರುತ್ತಂತೆ. ಗದ್ದದ ಚರ್ಮದಲ್ಲಿ ಜಿಡ್ಡು ಕಟ್ಕೊಂಡು ಕಪ್ಪಾಗುತ್ತೆ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒತ್ತಿ ಒರೆಸ್ಬೇಕು. ಆಮೇಲೆ ಈ ಔಷಧಿ. ಹಿಂಡಬಾರದು. ನಮ್ಮ ಕ್ರೀಮು, ಪೌಡರು, ಅರಿಶಿನ ಏನೂ ಹಚ್ಚಬಾರದು, ನೆಕ್ಕಿಬಿಡುತ್ತೆ. ಊದಿಕೊಂಡ್ರೆ, ಕೀವಾದ್ರೆ ತಿರುಗಾ ಕರ್ಕೊಂಡ್ಬನ್ನಿ ಅಂದ್ರು.

ಆದಿಲಕ್ಷ್ಮಮ್ಮ: ಮೊಡವೆ ಬಂದಿದ್ದಾದ್ರೂ ಯಾತಕ್ಕೆ?

ಮೇಘನ: ಅದೇ ನನಗೂ ಗೊತ್ತಾಗ್ಲಿಲ್ಲ ಅತ್ತೆ. ಪ್ಲಾಸ್ಟಿಕ್ ಬಟ್ಟಲಲ್ಲಿ ಊಟ ಹಾಕಿದ್ರೆ ಬರೋದುಂಟಂತೆ. ಅದು ಗೀರು ಬಿದ್ದು ಗೀರೊಳಗೆ ಜಿಡ್ಡು, ಕ್ರಿಮಿ ಕೂತ್ಕೊಳ್ಳುತ್ತೆ. ಸ್ಟೀಲು ಇಲ್ಲ ಪಿಂಗಾಣಿಲಿ ಹಾಕಿ, ದಿನಾ ತೊಳೀರಿ ಅಂದ್ರು. ನಾವು ಹಾಕೋದೇ ಸ್ಟೀಲಲ್ಲಿ.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಚೌಡಯ್ಯನ ಕಡೆ ನೋಡಿದರು. ಚೌಡಯ್ಯ ಕಾಲು ಚಾಚಿ, ಮಗ್ಗದ ಅಡಿಯಲ್ಲಿದ್ದ ಯಾವುದನ್ನೋ ಇನ್ನಷ್ಟು ಒಳಕ್ಕೆ ತಳ್ಳಿದ. ಮೇಘನ ಬಗ್ಗಿ ಎಳೆದಳು. ಐಸ್‌ಕ್ರೀಮಿನ ಹಳೇ ಡಬ್ಬಿ. ಮೈತುಂಬ ಗೀರು, ಅಂಚಿನಲ್ಲಿ ಒಣಗಿದ ಮೊಸರನ್ನ.

ಚೌಡಯ್ಯ: ಅದು ಇಲಿಗೆ ಇಟ್ಟಿದ್ದು.

ಆದಿಲಕ್ಷ್ಮಮ್ಮ: ಇಲಿಗೆ ಮೊಸರನ್ನಾನಾ?

ಚೌಡಯ್ಯ: ಬರ್ಲಿ ಅಂತ. ಬಂದ್ರೆ ತಾನೆ ಬೆಕ್ಕು ಹಿಡಿಯೋದು.

ಆದಿಲಕ್ಷ್ಮಮ್ಮ: ಒಂದೂ ಬೇಳೆ ಇಲ್ಲ, ಮೆಣಸಿನಕಾಯಿ ಇಲ್ಲ, ಒಗ್ಗರಣೆ ಇಲ್ಲ. ಆರಿಸಿ ಆರಿಸಿ ಕಲಸಿದೀರಾ ಇಲಿಗೆ.

ಚೌಡಯ್ಯ: ಮಧ್ಯಾಹ್ನ ನಾನು ಉಣ್ಣೋವಾಗ ಬಂದು ಮುಖ ನೋಡ್ತಾ ಕೂತ್ಕೊಳ್ತದೆ ಕಣೇ. ಒಬ್ಬನೇ ಹೆಂಗೆ ಉಣ್ಣೋದು.

ಅಷ್ಟು ಹೇಳಿ ಅವನು ಟವೆಲನ್ನು ಸಡಿಲಿಸಿದ. ಬೆಕ್ಕು ಓಡಿಹೋಗಲಿಲ್ಲ. ಮೈ ಒಮ್ಮೆ ಕೊಡವಿ, ಅವನಿಗೇ ಪೌಡರು ಮೆತ್ತಿ, ಅಲ್ಲೇ ಸುರುಳಿ ಸುತ್ತಿಕೊಂಡಿತು. ಚೌಡಯ್ಯ ಮೆಲ್ಲಗೆ ಫೋನು ತೆಗೆದ.

ಚೌಡಯ್ಯ: ಹಲೋ ಕಾಂತರಾಜು, ಬಸ್ ಹತ್ತಿಬಿಟ್ಯಾ? ಹತ್ತಿಲ್ವಾ, ಸದ್ಯ. ಹತ್ತಬೇಡ. ಇಲ್ಲಪ್ಪಾ, ಬೆಕ್ಕಿಗೆ ಟ್ರೀಟ್‌ಮೆಂಟು ನಡೀತಾ ಇದೆ. ಏನಾಗಿದೆಯಾ? ಮೊಡವೆ. ನಗಬೇಡ, ಡಾಕ್ಟ್ರು ಹೇಳಿರೋದು. ಎಷ್ಟು ದಿನಾನಾ? ಅದೆಲ್ಲ ಹೇಳೋಕಾಗಲ್ಲ, ಒಂದ್ಸಲ ಹೋದ್ರೂ ತಿರುಗಾ ಬರ್ತದೆ. ನೀನು ಒರೆಸ್ತೀಯಾ? ನಿನ್ನ ಕೈ ಸಿಮೆಂಟ್ ಮೂಟೆ ಎತ್ತೋ ಕೈ ಕಣಪ್ಪಾ, ಇದಕ್ಕೆ ರೇಷ್ಮೆ ಮುಟ್ಟೋ ಕೈ ಬೇಕು. ಫೋನ್ ಇಡ್ಲಾ?

ಮೇಘನ ಒಲೆಯ ಕಡೆ ಹೊರಟಳು. ಚೌಡಯ್ಯ ಕೈಯಲ್ಲೇ ತಡೆದ.

ಚೌಡಯ್ಯ: ನೀರು ನಾನೇ ಕಾಯಿಸ್ತೀನಿ ತಾಯಿ. ನೀವು ಕುದಿಸಿಬಿಡ್ತೀರಾ.

ಆದಿಲಕ್ಷ್ಮಮ್ಮ: ನೋಡಮ್ಮಾ ಮೇಘನಾ. ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ. ಒಂದು ದಿನಕ್ಕಾದ್ರೂ ಈಯಪ್ಪ ನನಗೆ ಬಿಸಿನೀರು ಕಾಯಿಸಿ ಮುಖ ಒರೆಸಿದ್ದುಂಟಾ ಕೇಳು.

ಚೌಡಯ್ಯ: ನಿನಗೆ ಯಾವತ್ತು ಮೊಡವೆ ಬಂದಿತ್ತು? ಹಸೆಮಣೆ ಮೇಲೆ ಕೂತಿದ್ದಾಗ್ಲೇ ಓರೆಗಣ್ಣಲ್ಲಿ ನೋಡಿದೀನಿ. ಮಗ್ಗದಿಂದ ಆಗ ತಾನೇ ಇಳಿಸಿದ ರೇಷ್ಮೆ ಥರ ಇತ್ತು ಮುಖ. ಗದ್ದದ ಮೇಲೆ ಕಾಡಿಗೆಯ ದೃಷ್ಟಿಬೊಟ್ಟು ಒಂದು, ಅಷ್ಟೆ.

ಆದಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಐಸ್‌ಕ್ರೀಮ್ ಡಬ್ಬಿ ಎತ್ತಿಕೊಂಡು ಹಿತ್ತಲ ಕಡೆ ಹೊರಟಳು. ಬಾಗಿಲಲ್ಲಿ ತಿರುಗಿದಳು.

ಆದಿಲಕ್ಷ್ಮಮ್ಮ: ಆ ಬೊಟ್ಟಿನ ಕೆಳಗೆ ಏನಿತ್ತು ಅಂತ ಯಾವತ್ತಾದ್ರೂ ಕೇಳಿದ್ರಾ?